ಖಾಲಿ ಕತ್ತಿನ ಚಿತ್ರ

ರಕ್ತಪರೀಕ್ಷೆಯಲ್ಲಿ ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ತೀರಾ ಕಡಿಮೆ, ಥೈರಾಯ್ಡ್ ಹಾರ್ಮೋನಾದ ಟಿ4 ಹೆಚ್ಚು. ಇಷ್ಟನ್ನೇ ನೋಡಿ ಥೈರಾಯ್ಡ್ ಹಾರ್ಮೋನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಬರೆದುಬಿಡುವುದನ್ನು ನಾನು ಒಪ್ಪುವುದಿಲ್ಲ. ಥೈರಾಯ್ಡ್ ಗ್ರಂಥಿ ಮಿತಿಮೀರಿ ಹಾರ್ಮೋನು ತಯಾರಿಸುತ್ತಿರಬಹುದು, ಇಲ್ಲವೇ ಉರಿಯೂತದಿಂದ ಹಾಳಾಗಿ, ಕೂಡಿಟ್ಟ ಹಾರ್ಮೋನು ಸೋರುತ್ತಿರಬಹುದು. ಆ ಮಾತ್ರೆ ತಯಾರಿಕೆಯನ್ನು ತಡೆಯುತ್ತದೆಯೇ ಹೊರತು ಸೋರಿಕೆಯನ್ನಲ್ಲ. ಎರಡರಲ್ಲಿ ಯಾವುದೆಂದು ತಿಳಿಯಲು ಥೈರಾಯ್ಡ್ ಸ್ಕ್ಯಾನ್ ನೆರವಾಗುತ್ತದೆ.

ವಿಕಿರಣ ಸೂಸುವ ಔಷಧಿ ಕೊಟ್ಟು ಈ ಸ್ಕ್ಯಾನ್ ಮಾಡುವ ನಮ್ಮ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಬಂದ ಬಾಣಂತಿಯೊಬ್ಬರ ಸ್ಥಿತಿ ಹೀಗೇ ಇತ್ತು. ಎದೆಬಡಿತ, ಕೈನಡುಕ, ಪ್ರತಿಕಾಯದ ಪರೀಕ್ಷೆಯಲ್ಲೂ ಸ್ಪಷ್ಟ ಉತ್ತರ ಸಿಕ್ಕಿರಲಿಲ್ಲ. ಸೂಜಿ ಹಾಕುವ ಮೊದಲು ನಾನು ಬಿಡದೆ ಕೇಳುವ ಪ್ರಶ್ನೆಗಳಿವೆ: ಇತ್ತೀಚೆಗೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಿದ್ದೀರಾ, ಹೃದಯದ ಲಯ ಸರಿಪಡಿಸುವ ಅಮಿಯೋಡರೋನ್ ಅಥವಾ ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಥೈರಾಕ್ಸಿನ್ ನುಂಗುತ್ತಿದ್ದೀರಾ, ಗರ್ಭಿಣಿಯೇ? ಕಾಂಟ್ರಾಸ್ಟ್‌ನ ಅಯೋಡಿನ್ ವಾರಗಟ್ಟಲೆ ಚಿತ್ರವನ್ನು ಕೆಡಿಸುತ್ತದೆ. ಆಕೆಯ ವಿಷಯದಲ್ಲಿ ಅಂಥದ್ದೇನೂ ಇರಲಿಲ್ಲ. ಮಗುವಿಗೆ ಹಾಲೂಡಿಸುತ್ತಿದ್ದರಿಂದ, ಸ್ಕ್ಯಾನ್ ಆದ ಮೇಲೆ 24 ಗಂಟೆ ಹಾಲು ಹಿಂಡಿ ಚೆಲ್ಲಬೇಕು, ಆ ಹೊತ್ತಿಗೆ ಬೇಕಾದ ಹಾಲನ್ನು ಮೊದಲೇ ತೆಗೆದಿಡಿ ಎಂದು ತಿಳಿಸಿದ್ದೆ.

ಸೂಜಿಯಲ್ಲಿ ಕೊಡುವುದು ಟೆಕ್ನೀಷಿಯಂ-99ಎಂ ಪರ್ಟೆಕ್ನೆಟೇಟ್ ಎಂಬ ವಿಕಿರಣ ಔಷಧಿ. ಥೈರಾಯ್ಡ್ ಇದನ್ನೂ ಅಯೋಡಿನ್‌ನಂತೆಯೇ ಒಳಗೆಳೆದುಕೊಳ್ಳುತ್ತದೆ. ಇದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಅವಧಿ, 6 ಗಂಟೆ ಮಾತ್ರ. ಥೈರಾಯ್ಡ್‌ಗೆ ಬಳಸುವ ಇನ್ನೊಂದು ವಿಕಿರಣ ವಸ್ತು ಅಯೋಡಿನ್-131ರದ್ದಾದರೆ 8 ದಿನ. ಸುಮಾರು 20 ನಿಮಿಷ ಬಿಟ್ಟು, ಭುಜದ ಕೆಳಗೆ ದಿಂಬು ಕೊಟ್ಟು, ಗದ್ದ ಮೇಲೆತ್ತಿಸಿ, ಆ ವಿಕಿರಣವನ್ನು ಹಿಡಿದು ಚಿತ್ರವಾಗಿಸುವ ಗಾಮಾ ಕ್ಯಾಮೆರಾದ ಕೆಳಗೆ ಮಲಗಿಸುತ್ತೇವೆ. ಅದಕ್ಕೂ ಮೊದಲು ಒಂದು ಲೋಟ ನೀರು ಕುಡಿಸುವುದನ್ನು ನಾನು ತಪ್ಪಿಸುವುದಿಲ್ಲ. ಔಷಧಿ ಜೊಲ್ಲಿನಲ್ಲೂ ಸೇರುತ್ತದೆ. ಅದು ಅನ್ನನಾಳದಲ್ಲಿ ನಿಂತರೆ ಕತ್ತಿನ ನಡುವೆ ಇಲ್ಲದ ಗೆರೆಯೊಂದು ಮೂಡುತ್ತದೆ.

ಚಿತ್ರ ಬಂದಾಗ ನನ್ನ ಕಣ್ಣು ಮೊದಲು ಜೊಲ್ಲುಗ್ರಂಥಿಗಳ ಮೇಲೆ ಹೋಗುತ್ತದೆ. ಆರೋಗ್ಯವಂತರಲ್ಲಿ ಅವೂ ಥೈರಾಯ್ಡೂ ಹೆಚ್ಚುಕಡಿಮೆ ಸಮನಾಗಿ ಕಾಣುತ್ತವೆ. ಪ್ರತಿಕಾಯಗಳು ಗ್ರಂಥಿಯನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆಯಲ್ಲಿ ಥೈರಾಯ್ಡ್ ಇಡಿಯಾಗಿ ಎದ್ದು ಕಂಡು, ಜೊಲ್ಲುಗ್ರಂಥಿಗಳು ಮಂಕಾಗುತ್ತವೆ. ಒಂದೇ ಗಂಟು ಬೆಳಗಿ ಉಳಿದ ಭಾಗ ಅಡಗಿದ್ದರೆ ಹಾರ್ಮೋನು ಬರುತ್ತಿರುವುದು ಆ ಗಂಟಿನಿಂದಲೇ. ಔಷಧಿ ಹೀರದ ಗಂಟು ಬೇರೆ ಮಾತು; ಅದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಬೇಕಾದರೆ ಸೂಜಿ ಪರೀಕ್ಷೆ ಮಾಡಿಸಬೇಕು.

ಬಾಣಂತಿಯ ಚಿತ್ರದಲ್ಲಿ ಜೊಲ್ಲುಗ್ರಂಥಿಗಳು ನಿಚ್ಚಳವಾಗಿದ್ದವು, ಥೈರಾಯ್ಡ್ ಇರಬೇಕಾದ ಜಾಗ ಖಾಲಿ. ಹಾಳಾದ ಗ್ರಂಥಿ ಔಷಧಿಯನ್ನು ಹೀರಿರಲಿಲ್ಲ: ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತ. ಆಕೆಗೆ ಕಾರ್ಬಿಮಜೋಲ್ ಬೇಕಿರಲಿಲ್ಲ. ಎದೆಬಡಿತಕ್ಕೆ ಪ್ರೊಪ್ರನೊಲಾಲ್ ಸಾಕಾಯಿತು. ಸೋರಿಕೆ ಮುಗಿದ ಮೇಲೆ ಹಾರ್ಮೋನು ಕುಸಿಯುವುದೂ ಉಂಟು. ಹಾಗಾಗಿ 4ರಿಂದ 8 ವಾರಗಳಿಗೊಮ್ಮೆ ಟಿಎಸ್‌ಎಚ್ ನೋಡಿಸಬೇಕೆಂದು ವರದಿಯಲ್ಲಿ ಬರೆದು, ಜೊತೆಗೆ ಬಂದಿದ್ದ ಅವರ ತಾಯಿಗೂ ಬಿಡಿಸಿ ಹೇಳಿದೆ.