ಒಂದೇ ದೇಶಕ್ಕಾ ಇಷ್ಟು ದುಡ್ಡು?

"ಒಂದೇ ದೇಶ ನೋಡೂಕೆ ನಾಲ್ಕು ಲಕ್ಷವಾ ಮಾರಾಯ?" ಅಂತ ಭಾವ ಕೇಳಿದ್ದರು, ನಾನೂ ಹೆಂಡತಿಯೂ ಇಟಲಿಗೆ ಹೊರಟಾಗ. ಅವರು ಹನ್ನೆರಡು ದಿನದಲ್ಲಿ ಎಂಟು ದೇಶದ ಪ್ಯಾಕೇಜ್ ಮುಗಿಸಿ ಬಂದವರು. ಅಲ್ಲೆಲ್ಲ ಏನು ತಿಂದಿರಿ ಅಂದರೆ ಜೀರಾ ರೈಸ್, ದಾಲ್ ಅನ್ನುತ್ತಾರೆ. ಎಂಟು ದೇಶದಲ್ಲೂ ಅದೇ. ಅಂಗಡಿಗೆ ಬರುವ ಸ್ನೇಹಿತರದ್ದೂ ಅದೇ ರಾಗ: ಸಮುದ್ರ, ಬೆಟ್ಟ, ಪೇಟೆ, ಊಟ ಎಲ್ಲಾ ಒಂದೇ ಟ್ರಿಪ್ಪಿನಲ್ಲಿ, ಅದೂ ಕಾರಿಲ್ಲದೆ, ಏಜೆಂಟ್ ಇಲ್ಲದೆ? ಆಗುವ ಮಾತಲ್ಲ.

ಅವರ ಅನುಮಾನಕ್ಕೆ ಕಾರಣ ಇತ್ತು, ಒಪ್ಪುತ್ತೇನೆ. ನಾನು ಎರಡು ಸಲ ಮುಗ್ಗರಿಸಿದವನು.

2019ರಲ್ಲಿ ಹದಿಮೂರು ದಿನಕ್ಕೆ ಒಂಬತ್ತು ಊರು ಹಾಕಿಕೊಂಡಿದ್ದೆ. ಬೆಳಿಗ್ಗೆ ಹತ್ತಕ್ಕೆ ರೂಮು ಬಿಡಬೇಕು, ಹೊಸ ರೂಮು ಸಿಗುವುದು ಮಧ್ಯಾಹ್ನ ಮೂರಕ್ಕೆ. ಸಲಕ್ಕೆ ಅರ್ಧ ದಿನದಂತೆ ಎಂಟು ಸಲ ಊರು ಬದಲಿಸಿದರೆ ನಾಲ್ಕು ದಿನ ಕಲ್ಲು ಹಾಸಿದ ಬೀದಿಯಲ್ಲಿ ಸೂಟ್‌ಕೇಸ್ ಎಳೆಯುವುದರಲ್ಲೇ ಹೋಯಿತು ಅಂತ ಲೆಕ್ಕ. ಸಾಲದ್ದಕ್ಕೆ ಮೂರು ದಿನ ಕಾರು ಬಾಡಿಗೆಗೆ ತೆಗೆದುಕೊಂಡೆ. ಇಟಲಿಯ ಹಳೇ ಪೇಟೆಗಳ ಒಳಗೆ ಹೊರಗಿನವರ ಕಾರು ಹೋಗುವಂತಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ಹಾಗೆ ಕಾರು ತಡೆದ ಜಾಗಕ್ಕೆ ಜಡ್‌ಟಿಎಲ್ ಅನ್ನುತ್ತಾರೆ, ನನಗೆ ಆಗ ಗೊತ್ತಿರಲಿಲ್ಲ. ಎಂಟು ತಿಂಗಳ ಮೇಲೆ ಕುಂದಾಪುರದ ಮನೆಗೆ ಪೋಸ್ಟ್‌ಮ್ಯಾನ್ ಒಂದು ಹಸಿರು ಲಕೋಟೆ ತಂದು ಕೊಟ್ಟ. ದಂಡ, ಅದರ ಮೇಲೆ ಬಾಡಿಗೆ ಕಂಪನಿಯವರು ಕಾರ್ಡಿನಿಂದ ಮೊದಲೇ ಕತ್ತರಿಸಿದ್ದು, ಎಲ್ಲಾ ಸೇರಿ ಹನ್ನೆರಡು ಸಾವಿರದ ಹತ್ತಿರ ಹೋಯಿತು.

2022ರದ್ದು ಇನ್ನೂ ಅವಮಾನ. ಅಗ್ಗಕ್ಕೆ ಸಿಕ್ಕಿತು ಅಂತ ರದ್ದು ಮಾಡಿದರೆ ದುಡ್ಡು ವಾಪಸ್ ಬಾರದ ರೂಮುಗಳನ್ನು ಬುಕ್ ಮಾಡಿ ಕೂತೆ. ವೀಸಾಗೆ ಬೆರಳಚ್ಚಿನ ಸ್ಲಾಟೇ ಸಿಗಲಿಲ್ಲ. ಸುಮಾರು ಮೂವತ್ತೆಂಟು ಸಾವಿರ ನೀರಿಗೆ ಬಿತ್ತು. ಭಾವ ಆ ಮೊತ್ತವನ್ನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಈ ಸಲ, 2025ರ ಸೆಪ್ಟೆಂಬರ್ ಟ್ರಿಪ್ಪಿಗೆ, ಶೀಟಿನಲ್ಲಿ ಊರುಗಳ ಪಟ್ಟಿಯನ್ನೇ ಮಾಡಲಿಲ್ಲ. ರಾತ್ರಿಗಳನ್ನು ಬರೆದೆ. ಹದಿನಾಲ್ಕು ಗೆರೆ. ಯಾವ ಮನೆಯಲ್ಲೂ ನಾಲ್ಕಕ್ಕಿಂತ ಕಡಿಮೆ ರಾತ್ರಿ ಬೇಡ, ಕೊನೆಯದೊಂದು ಬಿಟ್ಟು. ಹೋದ ಹಳಿಯ ಮೇಲೆ ವಾಪಸ್ ಬರುವುದೂ ಬೇಡ. ಮಿಲಾನಿನಲ್ಲಿ ಇಳಿದು ವೆನಿಸ್ಸಿನಿಂದ ಹತ್ತುವುದು. ನಡುವೆ ಸಮುದ್ರಕ್ಕೆ ಲೆವಾಂತೊ ನಾಲ್ಕು, ಪೇಟೆಗೆ ಬೊಲೋನ್ಯ ನಾಲ್ಕು, ಬೆಟ್ಟಕ್ಕೆ ಓರ್ಟಿಸೇ ಐದು, ಆಮೇಲೆ ವೆನಿಸ್ ಒಂದು. ನಕ್ಷೆ ಬಿಡಿಸಿ ನೋಡಿ, ಬೆಟ್ಟದಿಂದ ಇಳಿಯುವ ದಾರಿಯೊಂದು ಬಿಟ್ಟರೆ ಎಲ್ಲೂ ಹಿಂದೆ ಹೆಜ್ಜೆ ಇಡಬೇಕಿಲ್ಲ. ಮೂವತ್ತು ಸಲ ಅಳಿಸಿ ಬರೆದ ಮೇಲೆ ಸಿಕ್ಕಿದ ಗೆರೆ ಇದು, ಸ್ವಲ್ಪ ಜಂಬ ಇದೆ.

ಒಂದೇ ದೇಶ ಆದ್ದರಿಂದ ವೀಸಾ ಫೈಲೂ ತೆಳ್ಳಗಾಯಿತು. ಯಾವ ದೇಶದಲ್ಲಿ ಹೆಚ್ಚು ರಾತ್ರಿಯೋ ಅಲ್ಲಿಗೇ ಅರ್ಜಿ ಹಾಕಬೇಕು ಅನ್ನುವ ತಕರಾರೇ ಇಲ್ಲ. ಫೀಸು 90 ಯೂರೋ, ಮೂವತ್ತು ಸಾವಿರ ಯೂರೋದ ವಿಮೆ, ಸೆಂಟರಿನವರ ಸರ್ವಿಸ್ ಚಾರ್ಜು, ಎಲ್ಲಾ ಸೇರಿ ತಲೆಗೆ ಹನ್ನೆರಡು ಸಾವಿರದ ಒಳಗೆ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ನಾನು ಏಪ್ರಿಲ್‌ನಲ್ಲೇ ಸ್ಲಾಟ್ ಹಿಡಿದೆ. ರೂಮುಗಳೆಲ್ಲ ರದ್ದು ಮಾಡಬಹುದಾದಂಥವು, ವೀಸಾ ಕೈಗೆ ಬಂದ ಮೇಲೆ ಅಗ್ಗದ್ದಕ್ಕೆ ಬದಲಿಸಿಕೊಂಡೆ. ಫೈಲಿನ ಜೊತೆ ಇಟ್ಟ ಕವರಿಂಗ್ ಲೆಟರಿನಲ್ಲಿ ಏನು ಬರೆದೆ ಅಂತ ಕೆಲವರು ಕೇಳಿದರು. ಅದೊಂದು ನನ್ನ ಹತ್ತಿರವೇ ಇರಲಿ.

ರೈಲಿನ ಟಿಕೆಟ್ಟಿನಲ್ಲಿ ಒಂದು ಮಾತು. ಫಾಸ್ಟ್ ರೈಲಿನ ಅಗ್ಗದ ಟಿಕೆಟ್ ಆ ಒಂದೇ ಗಾಡಿಗೆ. ಇಳಿದ ದಿನಕ್ಕೆ ಅದನ್ನು ತೆಗೆದಿಡಬೇಡಿ. ನಮ್ಮ ವಿಮಾನ ಎರಡು ತಾಸು ತಡ. ನಾನು ಸ್ಟೇಷನ್ನಿನಲ್ಲೇ ಪೂರ್ತಿ ದರ ಕೊಟ್ಟು ಲೆವಾಂತೊ ಗಾಡಿ ಹತ್ತಿದೆ. ಪಕ್ಕದ ಸೀಟಿನ ಪುಣೆಯ ಜೋಡಿ ಎರಡು ಸಲ ಟಿಕೆಟ್ ತೆಗೆದಿತ್ತು.

ಸಮುದ್ರದ ಅಂಚಿಗೆ ಸಾಲಾಗಿರುವ ಚಿಂಕ್ವೆ ತೆರ್ರೆಯ ಐದೂರು ಟೂರಿಸ್ಟರಿಗೆಲ್ಲ ಗೊತ್ತು, ಅದಕ್ಕೇ ಅಲ್ಲಿ ರೂಮಿನ ಬೆಲೆ ಹಾಗೆ. ಲೆವಾಂತೊ ಅದರ ಹೊರಗೆ, ಐದರಲ್ಲಿ ಮೊದಲನೆಯದಾದ ಮೊಂಟೆರೊಸ್ಸೊಗೆ ಒಂದೇ ಸ್ಟೇಷನ್, ಐದು ನಿಮಿಷ. ನಮಗೆ ಸಿಕ್ಕಿದ ಮನೆ ರಾತ್ರಿಗೆ 95 ಯೂರೋ, ಅಡುಗೆಮನೆ ಸಹಿತ. ಮೊಂಟೆರೊಸ್ಸೊದಿಂದ ವೆರ್ನಾಝಕ್ಕೆ ಮೂರೂವರೆ ಕಿಲೋಮೀಟರ್ ನಡೆಯಲು ಎರಡು ತಾಸಿನ ಮೇಲೆ ಹಿಡಿಯಿತು, ಪೂರ್ತಿ ಮೆಟ್ಟಿಲು. ಹವಾಯಿ ಚಪ್ಪಲಿ ಹಾಕಿ ಆ ದಾರಿ ಹಿಡಿದರೆ ದಂಡ ಇದೆ, ತಮಾಷೆಯಲ್ಲ. ಕೊರ್ನೀಲ್ಯ ಸ್ಟೇಷನ್ನಿನಿಂದ ಊರಿಗೆ ಮತ್ತೆ 380 ಚಿಲ್ಲರೆ ಮೆಟ್ಟಿಲು. "ರೀ, ಇದು ರಜೆಯೋ ಹರಕೆಯೋ?" ಅಂದಳು ಇವಳು. ಸಮುದ್ರವನ್ನು ಮೊದಲು ಇಟ್ಟದ್ದೇ ಇದಕ್ಕೆ. ಬೆಟ್ಟಕ್ಕೆ ಹೋಗುವಷ್ಟರಲ್ಲಿ ಕಾಲು ಪಳಗಿರಬೇಕು.

ಶೂ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಳೇ ಟ್ರೆಕ್ಕಿಂಗ್ ಶೂ ಆರು ವರ್ಷ ಕಪಾಟಿನಲ್ಲಿತ್ತು, ನೋಡಲು ಹೊಸದರ ಹಾಗೇ ಇತ್ತು. ಹೊರಡುವ ಎರಡು ತಿಂಗಳ ಮೊದಲು ಪರೀಕ್ಷೆಗೆ ಅಂತ ಕೊಡಚಾದ್ರಿ ಹತ್ತಿದೆ. ಅರ್ಧ ದಾರಿಯಲ್ಲಿ ಬಲಗಾಲಿನ ಸೋಲ್ ಬಾಯಿ ಬಿಟ್ಟಿತು, ಸ್ವಲ್ಪ ಹೊತ್ತಿಗೆ ಎಡದ್ದೂ. ಪಂಚೆ ಹರಿದು ಕಟ್ಟಿಕೊಂಡು ಇಳಿದೆ. ಉಪಯೋಗಿಸದೆ ಇಟ್ಟರೂ ಸೋಲಿನೊಳಗಿನ ಫೋಮ್ ಒಳಗೊಳಗೇ ಪುಡಿಯಾಗುತ್ತದಂತೆ. ಅಲ್ಲೇ ಆಯಿತಲ್ಲ, ಆಲ್ಪ್ಸ್‌ನಲ್ಲಿ ಆಗಲಿಲ್ಲವಲ್ಲ.

ಲೆವಾಂತೊ ಬಿಡುವ ದಿನ ರೈಲು ಮುಷ್ಕರ. ಅಲ್ಲಿ ಕೆಲಸದ ದಿನ ಮುಷ್ಕರ ಆದರೂ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಲೋಕಲ್ ಗಾಡಿಗಳನ್ನು ಓಡಿಸಲೇಬೇಕು, ನಮ್ಮಲ್ಲಿ ಬಂದ್ ದಿನ ಹಾಲಿನ ಗಾಡಿ ಬಿಟ್ಟ ಹಾಗೆ. ಆರೂ ಕಾಲಿಗೆ ಹತ್ತಿ ಪಾರ್ಮಾ ತನಕ ಬಂದೆವು, ಅಲ್ಲಿ ಮೂರು ತಾಸು ಬೆಂಚಿನ ಮೇಲೆ ಅವಲಕ್ಕಿ ತಿಂದು ಕೂತೆವು. ನಾಲ್ಕು ರಾತ್ರಿಯ ಲೆಕ್ಕದಲ್ಲಿ ಅದೇನು ದೊಡ್ಡ ನಷ್ಟ ಅನ್ನಿಸಲಿಲ್ಲ. 2019ರ ಪ್ಲಾನಿನಲ್ಲಿ ಹೀಗಾಗಿದ್ದರೆ ಒಂದು ಊರೇ ಮಾಯವಾಗುತ್ತಿತ್ತು.

ಬೊಲೋನ್ಯ ಪೂರ್ತಿ ಊಟಕ್ಕೆ. ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಮತ್ತೆ ಏಳಕ್ಕೇ, ಅದಕ್ಕೆ ಹೊಟ್ಟೆಯ ಟೈಂಟೇಬಲ್ಲನ್ನೇ ಬದಲಿಸಿಕೊಂಡೆವು. ನಾನು ರಾಗು ಅನ್ನುವ ಮಾಂಸದ ಗೊಜ್ಜು ಹಾಕಿದ ತಾಲ್ಯತೆಲ್ಲೆ ಪಾಸ್ತಾ, ಇವಳು ಬೆಣ್ಣೆ, ಸೇಜ್ ಎಲೆ ಹಾಕಿದ ತೊರ್ತೆಲ್ಲೋನಿ, ಅಂದರೆ ಹೂರಣ ತುಂಬಿದ ಪಾಸ್ತಾ. ಇವಳು ಶುದ್ಧ ಸಸ್ಯಾಹಾರಿ. ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನ್ನೆಟ್ ಹಾಕುತ್ತಾರೆ ಅಂತ ನನಗೆ ಗೊತ್ತಿತ್ತು. ಹೇಳಲೋ ಬೇಡವೋ ಅಂತ ಎರಡು ದಿನ ಒದ್ದಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಳಗೆ ಹೋದದ್ದು ಹೋಯ್ತು, ಇನ್ನು ಮೇಲಿಂದ ಉದುರಿಸ್ಕೊಳ್ಳಲ್ಲ" ಅಂದಳು. ಸಾರಿನಲ್ಲಿ ತೇಲುವ ತೊರ್ತೆಲ್ಲಿನಿಯಂತೂ ಮಾಂಸದ ಸಾರೇ, ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ. ಮಳೆ ಬಂದರೂ ಅಲ್ಲಿ ಕಾಲಿಗೆ ಕೆಲಸ ಇದೆ: ಸಾನ್ ಲೂಕಾ ಗುಡ್ಡದ ಚರ್ಚಿಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದ ಸೂರಿನ ಕೆಳಗೇ ನಡೆಯುವ ದಾರಿ, 666 ಕಮಾನು. ಎಣಿಸಲು ಹೋಗಿ ಇನ್ನೂರರ ಹತ್ತಿರ ತಪ್ಪಿದೆ.

ಓರ್ಟಿಸೇಗೆ ಐದು ರಾತ್ರಿ ಇಟ್ಟದ್ದನ್ನು ಎಲ್ಲರೂ ನಕ್ಕಿದ್ದರು. ಅಲ್ಲಿ ನನಗೆ ಬೇಕಾಗಿದ್ದದ್ದು ಎರಡೇ ನಡಿಗೆ, ಉಳಿದ ಮೂರು ದಿನ ಮಳೆಯ ಪಾಲು. ಮೊದಲ ಎರಡು ದಿನ ಮಳೆ ಬಿಡಲೇ ಇಲ್ಲ, ಮೇಲೆ ಹಿಮ. ಒಂದು ದಿನ ಕೆಳಗೆ ಬೊಲ್ಝಾನೊಗೆ ಬಸ್ಸಿನಲ್ಲಿ ಹೋಗಿ, 1991ರಲ್ಲಿ ಹಿಮನದಿಯಲ್ಲಿ ಸಿಕ್ಕಿದ ಐದು ಸಾವಿರ ಚಿಲ್ಲರೆ ವರ್ಷದ ಹಿಂದಿನ ಮನುಷ್ಯನನ್ನು, ಓಟ್ಸಿಯನ್ನು, ನೋಡಿಬಂದೆವು. ಸಣ್ಣ ಕಿಟಕಿಯೊಳಗೆ ಒದ್ದೆಯಾಗಿ ಹೊಳೆಯುವ ಕಂದು ಚರ್ಮ. ಅವನ ಪಾದರಕ್ಷೆಯನ್ನೂ ಇಟ್ಟಿದ್ದಾರೆ. ನನ್ನ ಶೂಗಿಂತ ಚೆನ್ನಾಗಿ ಉಳಿದಿದೆ. ಬಸ್ಸಿಗೆ ಕಾಸಿಲ್ಲ, ರೂಮಿನವರು ಕೊಡುವ ಗೆಸ್ಟ್ ಪಾಸಿನಲ್ಲೇ ಆ ಸೀಮೆಯ ಬಸ್ಸು, ಲೋಕಲ್ ರೈಲು ಎಲ್ಲಾ. ಪಾಸ್ ಕೊಡುವ ಮನೆಯನ್ನೇ ಹಿಡಿಯಿರಿ, ಬಂದಿಳಿಯುವ ಮೊದಲೇ ಕೇಳಿ ತರಿಸಿಕೊಳ್ಳಿ.

ಮೂರನೇ ದಿನ ಬೆಳಿಗ್ಗೆ ಕಿಟಕಿ ತೆಗೆದರೆ ತೊಳೆದಿಟ್ಟ ಹಾಗೆ ಆಕಾಶ. ಸೆಚೇಡಾ ಬೆಟ್ಟಕ್ಕೆ ಕೇಬಲ್ ಕಾರಿನಲ್ಲಿ ಹೋಗಿಬರಲು ತಲೆಗೆ ನಲವತ್ತು ಯೂರೋದ ಮೇಲೆ ಆಗುತ್ತಿತ್ತು. ನಾವು ಹತ್ತಲು ಮಾತ್ರ ಟಿಕೆಟ್ ತೆಗೆದು, ಎರಡೂವರೆ ಸಾವಿರ ಮೀಟರಿನಿಂದ ಫಿರೆಂಝೆ ಅನ್ನುವ ಚಾರಣಿಗರ ಗುಡಿಸಲಿನ ದಾರಿಯಾಗಿ ಸಾಂತಾ ಕ್ರಿಸ್ತೀನಾಗೆ ನಡೆದೇ ಇಳಿದೆವು, ನಿಂತು ನಿಂತು ಆರು ತಾಸು. ಹಲ್ಲಿನ ಹಾಗೆ ಎದ್ದು ನಿಂತ ಆ ಕಲ್ಲಿನ ಶಿಖರಗಳ ಫೋಟೋ ನೀವು ನೋಡಿರಬಹುದು. ಫೋಟೋದಲ್ಲಿ ಕೇಳದ್ದು ಹಸುವಿನ ಕೊರಳ ಗಂಟೆ. ಗುಡಿಸಲಿನಲ್ಲಿ ಪಾಲಕ್ ಹಾಕಿದ ಕ್ನೋಡೆಲ್ ತಿಂದೆವು, ಹಳೇ ಬ್ರೆಡ್ಡಿನ ಕಡುಬು ಅಂದುಕೊಳ್ಳಿ. ಇವಳು ಬ್ಯಾಗಿನಿಂದ ಚಟ್ನಿಪುಡಿ ತೆಗೆದಳು, ಪಕ್ಕದ ಜರ್ಮನ್ ಅಜ್ಜ ಕೈ ಚಾಚಿ ಕೇಳಿ ಹಾಕಿಸಿಕೊಂಡ. ಮೊದಲನೇ ಮಹಾಯುದ್ಧದ ತನಕ ಆ ಸೀಮೆ ಆಸ್ಟ್ರಿಯಾದ ನೆಲ, ಆ ಕಡೆಯ ಮಾತು ಊಟ ಎರಡೂ ಅಲ್ಲಿ ಇನ್ನೂ ಉಳಿದಿವೆ. ಒಂದೇ ದೇಶ ಅಂದ ಭಾವನಿಗೆ ಇದನ್ನು ಎರಡು ಸಲ ಹೇಳಿದ್ದೇನೆ.

ಖರ್ಚು ನೆನಪಿನಿಂದ ಹೇಳುತ್ತಿದ್ದೇನೆ, ಯೂರೋ ಆಗ ನೂರು ದಾಟಿತ್ತು. ಇಬ್ಬರಿಗೂ ವಿಮಾನ ಒಂದು ಲಕ್ಷ ಹದಿನೈದು, ವಾಸ ಒಂದು ಅರವತ್ತು, ಊಟ ಎಂಬತ್ತೈದರಿಂದ ತೊಂಬತ್ತು ಸಾವಿರ, ರೈಲು ಇಪ್ಪತ್ತೇಳು, ವೀಸಾ, ಕೇಬಲ್ ಕಾರು, ಹೊಸ ಶೂ ಸೇರಿ ಒಟ್ಟು ನಾಲ್ಕು ಲಕ್ಷ ನಲವತ್ತೈದರ ಆಸುಪಾಸು. ಭಾವನ ಏಜೆಂಟ್ ನಮಗೆ ಕೊಟ್ಟ ಕೊಟೇಶನ್ ಆರೂವರೆ ಇತ್ತು. ವೆನಿಸ್ಸಿನ ಆ ಒಂದು ರಾತ್ರಿ ದಂಡ, ನೂರಾ ಎಂಬತ್ತು ಯೂರೋ ಕೊಟ್ಟು ಸೊಳ್ಳೆ ಹೊಡೆದೆವು. ಮುಂದಿನ ಸಲ ಅದನ್ನೂ ಬೆಟ್ಟಕ್ಕೇ ಸೇರಿಸುತ್ತೇನೆ.

ಈಗ ಮನೆಯಲ್ಲಿ ನಡೆಯುತ್ತಿರುವುದು ಫರಿನಾತಾ ಪ್ರಯೋಗ. ಲೆವಾಂತೊದಲ್ಲಿ ಒಲೆಯಿಂದ ಎಳೆದ ಚಕ್ರದಗಲದ ತಾಮ್ರದ ತಟ್ಟೆ ನೋಡಿ ಇವಳು, "ಇದು ಕಡ್ಲೆಹಿಟ್ಟಿನ ದೋಸೆ ಅಲ್ವಾ?" ಅಂದಿದ್ದಳು. ಅಂಗಡಿಯ ಕಡ್ಲೆಹಿಟ್ಟಿನಲ್ಲಿ ಮಾಡಿದರೆ ಪಿಠ್ಲೆಯ ರುಚಿಯೇ ಬಂತು. ಕಾಬೂಲಿ ಕಡಲೆಯನ್ನು ಗಿರಣಿಗೆ ಒಯ್ದೆವು, ಕಲ್ಲು ಹಾಳಾಗುತ್ತದೆ ಅಂತ ಗಿರಣಿಯವ ಒಂದು ಕಿಲೋಗೆ ಇಪ್ಪತ್ತು ರೂಪಾಯಿ ಜಾಸ್ತಿ ತೆಗೆದುಕೊಂಡ. ಹಿಟ್ಟು ಐದು ತಾಸು ನೆನೆದು, ಮೇಲಿನ ನೊರೆ ತೆಗೆದು, ಎಣ್ಣೆ ಕೈ ಬಿಚ್ಚಿ ಹಾಕಿದ ಮೇಲೆ ಮೂರನೇ ಸಲಕ್ಕೆ ಕೂತಿತು. ಭಾನುವಾರ ಭಾವ ಬಂದು ನಾಲ್ಕು ತುಂಡು ತಿಂದು, ಕೈ ಒರೆಸಿಕೊಳ್ಳುತ್ತಾ, "ಆ ಲೆವಾಂತೊ ಮನೆಯವರ ನಂಬರ್ ಕಳ್ಸು ಮಾರಾಯ" ಅಂದರು.

ಇನ್ನೂ ಕಳಿಸಿಲ್ಲ. ಮುಂದಿನ ಸೆಪ್ಟೆಂಬರ್‌ಗೆ ನಮಗೇ ಬೇಕು.