ಮೊದಲು ಮರಿಯಮ್ಮ, ವಾದ ಆಮೇಲೆ

ಸಕಲೇಶಪುರದ ನಮ್ಮ ಮನೆ ಜಗಲಿಯಲ್ಲಿ ಚರ್ಚಿನವರನ್ನೂ ಮಸೀದಿಯವರನ್ನೂ ಧರ್ಮದ ಮಾತುಕತೆಗೆ ಒಟ್ಟಿಗೆ ಕೂರಿಸಿ ಪೆಟ್ಟು ತಿಂದು ಕಲಿತದ್ದನ್ನು ಬರೀತಿದ್ದೀನಿ.

ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಬೇಡ. ಶನಿವಾರ ಅಸರ್ (ಸಂಜೆ ಮುಂಚಿನ) ನಮಾಜ್ ಮುಗಿದ ಮೇಲೆ ಸೇರಿ, ಮಗ್ರಿಬ್‌ಗೆ, ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಜಿಗೆ, ಮೊದಲು ಏಳಿ. ಹತ್ತು ಜನ ಸಾಕು. ಮೈಕ್ ಬೇಡವೇ ಬೇಡ; ಮೈಕ್ ಸಿಕ್ಕಿದರೆ ಎಂಥವನೂ ಭಾಷಣಕ್ಕೆ ನಿಲ್ತಾನೆ.

ತ್ರೈಕ್ಯದಿಂದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಅನ್ನೋ ಕ್ರೈಸ್ತ ನಂಬಿಕೆ) ಶುರು ಮಾಡಿದಿರೋ, ಅರ್ಧ ಗಂಟೆಯಲ್ಲಿ ಚಪ್ಪಲಿ ಹುಡುಕೋರೇ ಎಲ್ಲ. ಯೇಸುವಿನ ತಾಯಿ ಮರಿಯಳಿಂದ ಶುರು ಮಾಡಿ. ಕುರಾನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್, ಅಂದರೆ ಇದೇ ಮರಿಯಳು. ಲೂಕನ ಸುವಾರ್ತೆಯ 1ನೇ ಅಧ್ಯಾಯವನ್ನು ಮಸೀದಿಯವರ ಕೈಗೆ ಕೊಡಿ, ಮರ್ಯಮ್ ಅಧ್ಯಾಯವನ್ನು ಚರ್ಚಿನವರಾದ ನೀವು ಓದಿ. ಹೌದು, ಅದಲುಬದಲು. ಹೆರಿಗೆ ನೋವಲ್ಲಿ ಮರ್ಯಮ್ ಖರ್ಜೂರದ ಮರಕ್ಕೆ ಒರಗುವ ಭಾಗ ಓದಿದಾಗ, ಹೆರಿಗೆ ಮಾಡಿಸಿ ಮಾಡಿಸಿ ಹಣ್ಣಾದ ನಮ್ಮತ್ತೆ, "ಪಾಪ, ಜೊತೆಗೆ ಒಬ್ಬ ಹೆಂಗಸೂ ಇರಲಿಲ್ವಾ?" ಅಂದರು. ಎದುರಿಗಿದ್ದ ಬ್ಯಾರಿ ಮುಸ್ಲಿಂ ಅಜ್ಜಿ, "ನಂಗೂ ಹಂಗೇ ಅನ್ಸುತ್ತಮ್ಮಾ" ಅಂತ ಕುರ್ಚಿ ಹತ್ತಿರ ಎಳೆದುಕೊಂಡರು. ಯೇಸು ದೇವರ ಮಗನೋ ಪ್ರವಾದಿಯೋ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಆಗ "ನಾವು ಹೀಗೆ ನಂಬ್ತೀವಿ" ಅನ್ನಿ, "ನಿಮ್ಮದು ತಪ್ಪು" ಅನ್ನಬೇಡಿ.

ಉಪವಾಸದ ಮಾತೂ ಚೆನ್ನಾಗಿ ಓಡುತ್ತೆ. 2025ರಲ್ಲಿ ರಂಜಾನ್, ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸದ ದಿನಗಳು) ಎರಡೂ ಮಾರ್ಚ್ ಮೊದಲ ವಾರವೇ ಶುರುವಾಗಿದ್ದವು.

ತಿಂಡಿ ವಿಷಯ. ಒಂದು ಸಲ ಹೆಮ್ಮೆಯಿಂದ ಪ್ಲಮ್ ಕೇಕ್ ಹಂಚಿದೆ. ಹಣ್ಣು ರಮ್ಮಿನಲ್ಲಿ ನೆನೆದಿತ್ತು ಅನ್ನೋದು ನೆನಪಾಗೋ ಹೊತ್ತಿಗೆ ಎರಡು ತಟ್ಟೆ ಖಾಲಿ. ನಿಜ ಹೇಳಿ ಕ್ಷಮೆ ಕೇಳಿದೆ. ಈಗ ಬಾಳೆಹಣ್ಣು, ಕಾಫಿ ಅಷ್ಟೇ.