ಕೋಲ್ಡ್ ಸ್ಟೋರೇಜ್‌ನ ಅಮೋನಿಯಾ ಸೋರಿದರೆ ಯಾರ ಮನೆಗೆ? ಲೆಕ್ಕ ಹಾಕುವುದು ಹೀಗೆ

ವಿಜಯಪುರ ಹತ್ತಿರದ ತಿಕೋಟಾ ಕಡೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್‌ಗಳಲ್ಲಿ 22 ವರ್ಷ ಪ್ಲಾಂಟ್ ಆಪರೇಟರ್ ಆಗಿದ್ದೆ. ಕೋಣೆ ತಂಪು ಮಾಡುವುದು ಅಮೋನಿಯಾ; ಅದು ಸೋರಿದರೆ ಯಾರಿಗೆ ಎಷ್ಟು ಅಪಾಯ ಎಂದು, ಈಗ ಯಾರಾದರೂ ಕರೆದರೆ ಹೋಗಿ ಲೆಕ್ಕ ಹಾಕಿಕೊಡುತ್ತೇನೆ. ಹೋದ ಕೂಡಲೇ ಮಾಲಕರು ಫೈಲ್ ತೆಗೆದಿಡುತ್ತಾರೆ. ನಾನು ಮೊದಲು ಮಾಳಿಗೆ ಹತ್ತುತ್ತೇನೆ.

ನೀವೂ ಹತ್ತಿ. ನಾಲ್ಕೂ ದಿಕ್ಕಿಗೆ ಕಾಣುವ ಮನೆ, ಶಾಲೆ, ಶೆಡ್, ಚಹಾದಂಗಡಿ ಎಲ್ಲ ಕಾಗದದ ಮೇಲೆ ಗುರುತು ಹಾಕಿ. ಪ್ರತಿಯೊಂದರ ಮುಂದೆ ಎರಡು ಅಂಕಿ: ಹಗಲಿಗೆ ಎಷ್ಟು ಜನ, ರಾತ್ರಿಗೆ ಎಷ್ಟು ಜನ. ಒಂದು ಕಡೆ ಎಲ್ಲ ಎಣಿಸಿ ಕೆಳಗಿಳಿದರೆ, ಗೋಡೆಗೆ ಅಂಟಿಕೊಂಡು ಎರಡು ತಾಡಪತ್ರಿ ಗುಡಿಸಲು. ಮಾಲಕರನ್ನು ಕೇಳಿದೆ. ‘ಅವರು ಸೀಸನ್‌ಗೆ ಬಂದವ್ರು ರೀ, ಆಮೇಲೆ ಹೋಗ್ತಾರ’ ಎಂದರು. ಸೀಸನ್‌ನಲ್ಲೇ ಪ್ಲಾಂಟ್ ಜಾಸ್ತಿ ಓಡುವುದು, ಅಲ್ವಾ? ಅವರನ್ನೂ ಬರೆಯಿರಿ.

ಆಮೇಲೆ ಅಮೋನಿಯಾ ಎಷ್ಟಿದೆ ಎಂದು ಕೇಳಿ. ಒಟ್ಟು ಲೆಕ್ಕಕ್ಕಿಂತ ಒಂದೇ ಸಲಕ್ಕೆ ಎಷ್ಟು ಹೊರಬರಬಹುದು ಎಂಬುದು ಮುಖ್ಯ. ಅಮೋನಿಯಾ ಕೂಡಿಟ್ಟುಕೊಳ್ಳುವ ರಿಸೀವರ್ ಟ್ಯಾಂಕ್‌ನಲ್ಲಿ ಅದು ದ್ರವವಾಗಿರುತ್ತದೆ, ಲೀಟರ್‌ಗೆ ಹತ್ತಿರ ಹತ್ತಿರ 600 ಗ್ರಾಂ ತೂಗುತ್ತದೆ. 1,000 ಲೀಟರ್ ಟ್ಯಾಂಕ್ ಅರ್ಧ ತುಂಬಿದ್ದರೆ 300 ಕಿಲೋ. ಹೊರಗೆ ಬಂದರೆ ಒಂದು ಲೀಟರ್ ದ್ರವ ಸುಮಾರು 850 ಲೀಟರ್ ಗ್ಯಾಸ್ ಆಗುತ್ತದೆ. 1984ರ ಭೋಪಾಲ್ ದುರಂತದ ನಂತರ, 1989ರಲ್ಲಿ ಬಂದ ಅಪಾಯಕಾರಿ ರಾಸಾಯನಿಕಗಳ ನಿಯಮ ಹತ್ತಾರು ಟನ್ ಅಮೋನಿಯಾ ಇಡುವ ದೊಡ್ಡ ಕಾರ್ಖಾನೆಗಳನ್ನು ಹಿಡಿಯುತ್ತದೆ. ನಮ್ಮಲ್ಲಿ ಅಷ್ಟಿರಲ್ಲ. ಗುಡಿಸಲಿನವರ ಮೂಗಿಗೆ ಆ ಮಿತಿ ಗೊತ್ತಿರುತ್ತದಾ?

ಇನ್ನು ಎಲ್ಲಿಂದ ಸೋರುತ್ತದೆ? ಎಲ್ಲರೂ ಪೈಪ್ ಒಡೆಯುವುದನ್ನು ಬರೆಯುತ್ತಾರೆ. ನಾನು ಮೊದಲು ಎಣ್ಣೆ ತೆಗೆಯುವ ವಾಲ್ವ್ ನೋಡುತ್ತೇನೆ. ಕಂಪ್ರೆಸರ್‌ನ ಎಣ್ಣೆ ಅಮೋನಿಯಾ ಜೊತೆ ಹೋಗಿ ಟ್ಯಾಂಕ್‌ಗಳ ತಳದಲ್ಲಿ ಕೂರುತ್ತದೆ. ಆಗಾಗ ಅದನ್ನು ಬಕೆಟ್‌ಗೆ ಬಿಡಬೇಕು. ತಣ್ಣಗಾದ ಎಣ್ಣೆ ಮಂದ, ತೊಟ್ಟು ತೊಟ್ಟಾಗಿ ಬೀಳುತ್ತದೆ. ನಿಂತು ಬೇಜಾರಾಗಿ ನಾನು ಒಮ್ಮೆ ಇನ್ನೊಂದು ಸುತ್ತು ತಿರುವಿ ಚಹಾ ಕುಡಿಯಲು ಹೋದೆ. ಎಣ್ಣೆ ಮುಗಿದಿತ್ತು. ಬಕೆಟ್ ಗೊಳಗೊಳ ಅಂತು, ಬಿಳಿ ಹೊಗೆ ಎದ್ದಿತು. ನಾನೇ ತೆರೆದ ವಾಲ್ವ್ ಹತ್ತಿರ ಹೋಗಲು ಆಗಲಿಲ್ಲ. ಎರಡು ದಿನ ಕಣ್ಣು ಉರಿಯಿತು. ಅದಕ್ಕೇ ಕೈಬಿಟ್ಟರೆ ತಾನೇ ಮುಚ್ಚುವ ಸ್ಪ್ರಿಂಗ್ ವಾಲ್ವ್ ಇದೆಯಾ ನೋಡಿ. ಇದ್ದರೆ, ಅದು ಮುಚ್ಚದ ಹಾಗೆ ತಂತಿ ಸುತ್ತಿ ಕಟ್ಟಿದ್ದಾರಾ ಅದನ್ನೂ ನೋಡಿ.

‘ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗುತ್ತೆ ಬಿಡ್ರಿ’ ಎನ್ನುವವರು ಸಿಗುತ್ತಾರೆ. ಅರ್ಧ ನಿಜ. ದ್ರವ ಚಿಮ್ಮಿದರೆ ತಣ್ಣನೆಯ ಮಂಜಿನ ಹಾಗೆ ನೆಲ ಹಿಡಿದೇ ಹರಿಯುತ್ತದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಎರಡಕ್ಕೂ ಬೇರೆ ಬಣ್ಣದ ಬಾಣ ಎಳೆಯಿರಿ. ನಸುಕಿನಲ್ಲಿ ಗಾಳಿ ನಿಂತಾಗ ಗ್ಯಾಸ್ ಬೇಗ ಚದುರಲ್ಲ, ಆ ಹೊತ್ತಿಗೂ ಒಂದು ಲೆಕ್ಕ ಬೇಕು. ದೂರ ತಿಳಿಯಲು ‘ಅಲೋಹಾ’ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಪ್ರಮಾಣ, ತೂತಿನ ಗಾತ್ರ, ಗಾಳಿಯ ವೇಗ ಕೊಟ್ಟರೆ 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ ಅಮೋನಿಯಾ) ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ತೋರಿಸುತ್ತದೆ. ಜೀವಕ್ಕೆ ಅಪಾಯ ಎಂದು ಹಿಡಿಯುವ ಮಟ್ಟ ಅದು. ಆ ಗೆರೆಯನ್ನು ನಿಮ್ಮ ನಕ್ಷೆಯ ಮೇಲೆ ಎಳೆದು, ಒಳಗೆ ಬಿದ್ದವರನ್ನು ಕೂಡಿಸಿ.

ಕೊನೆಗೆ ಅಂಕ. ಆಗುವ ಸಾಧ್ಯತೆಗೆ 1ರಿಂದ 5, ಪರಿಣಾಮಕ್ಕೆ 1ರಿಂದ 5, ಎರಡನ್ನೂ ಗುಣಿಸಿ. ಆಫೀಸಿನಲ್ಲಿ ಕುಳಿತು ಕೊಟ್ಟ ಅಂಕ ಯಾವಾಗಲೂ ಹಸಿರು ಬಣ್ಣದಲ್ಲೇ, ಅಂದರೆ ಅಪಾಯ ಕಡಿಮೆ ಎಂದೇ, ಬರುತ್ತದೆ, ನಾನು ಬೇರೆ ನೋಡಿಲ್ಲ. ರಾತ್ರಿ ಕಾವಲಿನವರನ್ನು ಕೇಳಿಯೇ ಅಂಕ ಕೊಡಿ. ಹೋದ ಸಲ ಒಬ್ಬ ಕಾಕಾ ಅವರನ್ನು ಮಾಸ್ಕ್ ಎಲ್ಲಿದೆ ಎಂದು ಕೇಳಿದೆ. ‘ಕಪಾಟಿನ್ಯಾಗ ಐತ್ರಿ.’ ಕೀಲಿ? ‘ಸಾಹೇಬ್ರ ಕಡೆ.’ ಸಾಹೇಬರು? ‘ವಿಜಯಪುರದಾಗ.’

ಪರಿಣಾಮದ ಮುಂದಿದ್ದ 3 ಹೊಡೆದು 5 ಬರೆದೆ.